ಹೊಸ ಮೋಟಾರ್‌ಹೋಮ್‌ನಲ್ಲಿ ಕಾರ್ಖಾನೆಯ ದೋಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮೋಟಾರ್‌ಹೋಮ್, ಅಂದರೆ ಮನೆಯನ್ನೇ ಹೊತ್ತು ಓಡುವ ವಾಹನ, ಕೊಂಡ ಮೊದಲ ವಾರದಲ್ಲೇ ಕಪಾಟಿನ ಬಾಗಿಲು ಕಳಚಿ ಕೈಗೆ ಬಂದಾಗ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು. ನಮ್ಮ ವಾಹನದ ದೋಷಗಳನ್ನು ಬರೆದಿಡಲು ತಂದ ನೋಟ್‌ಪುಸ್ತಕ ಮೊದಲ ವರ್ಷದಲ್ಲೇ ಅರ್ಧ ತುಂಬಿತು. ಈಗ ಆ ವಾಹನ ಗಟ್ಟಿಯಾಗಿದೆ, ಅದರಲ್ಲಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಆ ಹಂತಕ್ಕೆ ಬರುವಷ್ಟರಲ್ಲಿ ಕಲಿತದ್ದನ್ನು, ಹೊಸದಾಗಿ ಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳ ರೂಪದಲ್ಲೇ ಇಲ್ಲಿ ಬರೆದಿದ್ದೇನೆ.

ಇಷ್ಟೊಂದು ದುಡ್ಡು ಸುರಿದು ಹೊಸದನ್ನೇ ಕೊಂಡಿದ್ದೇವೆ. ಹೊಸದರಲ್ಲೂ ದೋಷ ಇರುತ್ತದೆಯೇ?

ಇರುತ್ತದೆ. ನಿಮ್ಮ ಅದೃಷ್ಟ ಕೆಟ್ಟಿತೆಂದು ಕೊರಗಬೇಡಿ. ಕಾರಿನ ಒಂದೇ ಮಾದರಿಯನ್ನು ಲಕ್ಷಗಟ್ಟಲೆ ತಯಾರಿಸುತ್ತಾರೆ. ಬೆಸುಗೆ ಹಾಕುವುದೂ ಬಣ್ಣ ಬಳಿಯುವುದೂ ಬಹುಪಾಲು ಯಂತ್ರಗಳೇ. ಮೋಟಾರ್‌ಹೋಮ್‌ನ ಮನೆಯ ಭಾಗ ಹಾಗಲ್ಲ. ಗೋಡೆ ನಿಲ್ಲಿಸುವುದು, ತಂತಿ ಎಳೆಯುವುದು, ಕೊಳವೆ ಜೋಡಿಸುವುದು, ಕಪಾಟು ಕೂರಿಸುವುದು ಹೆಚ್ಚಾಗಿ ಕೈಕೆಲಸ. ನೂರಾರು ಸ್ಕ್ರೂ, ಹತ್ತಾರು ನೀರಿನ ಜೋಡಣೆ, ಛಾವಣಿಗೆ ಕೊರೆದ ಎಷ್ಟೋ ತೂತು. ಇಷ್ಟರಲ್ಲಿ ಒಂದು ಕ್ಲಾಂಪ್ ಅರ್ಧ ಸುತ್ತು ಸಡಿಲ ಉಳಿದರೂ ಸಾಕು. ಆಮೇಲೆ ಆ ಇಡೀ ಮನೆಯನ್ನು ರಸ್ತೆಗಿಳಿಸಿ ಗಂಟೆಗಟ್ಟಲೆ ಕುಲುಕಿಸುತ್ತೇವೆ. ಕಾರ್ಖಾನೆಯ ಅಂಗಳದಲ್ಲಿ ನಿಂತಾಗ ಬಿಗಿಯಾಗಿದ್ದದ್ದು ಐನೂರು ಕಿಲೋಮೀಟರ್ ದಾಟುವಷ್ಟರಲ್ಲಿ ಸಡಿಲವಾಗಿರುತ್ತದೆ.

ದೋಷ ಇರುವುದು ಸಹಜ ಎಂದ ಮಾತ್ರಕ್ಕೆ ಅದನ್ನು ಸಹಿಸಿಕೊಂಡು ಸುಮ್ಮನಿರಬೇಕಿಲ್ಲ. ಸರಿಪಡಿಸಿಕೊಡುವುದು ಮಾರಿದವರ ಹೊಣೆ. ಅದನ್ನು ಕೇಳಿ ಪಡೆಯುವ ಕೆಲಸ ಮಾತ್ರ ನಿಮ್ಮ ಪಾಲಿಗೆ ಬರುತ್ತದೆ.

ವಾಹನ ಕೈಗೆ ಕೊಡುವ ದಿನ ಏನೇನು ನೋಡಬೇಕು?

ಮೊದಲು ಸಮಯ ಕೇಳಿ. ಒಂದು ಗಂಟೆಯಲ್ಲಿ ಕೀಲಿ ಕೊಟ್ಟು ಕಳಿಸುವ ಡೀಲರ್ ಇದ್ದರೆ, ಅರ್ಧ ದಿನವಾದರೂ ಬೇಕೆಂದು ಮುಂಚೆಯೇ ಬರೆದು ತಿಳಿಸಿ. ಹಿಂದಿನ ದಿನವೇ ಫ್ರಿಜ್ ಚಾಲೂ ಮಾಡಿ ಇಡಲು ಹೇಳಿ. ಗ್ಯಾಸ್‌ನಿಂದಲೂ ನಡೆಯುವ ಹೀರಿಕೆ ವಿಧಾನದ ಫ್ರಿಜ್ ತಣ್ಣಗಾಗಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಬೇಕು; ಹೋದ ಮೇಲೆ ಚಾಲೂ ಮಾಡಿದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ನಿಮಗೆ ತಿಳಿಯುವುದೇ ಇಲ್ಲ.

ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿ. ಅರ್ಧ ಟ್ಯಾಂಕ್ ನೀರಿನಲ್ಲಿ ಮೇಲ್ಭಾಗದ ಜೋಡಣೆಯ ಸೋರಿಕೆ ಕಾಣುವುದಿಲ್ಲ. ಪಂಪ್ ಹಾಕಿ, ಎಲ್ಲ ನಲ್ಲಿ ಬಿಟ್ಟು, ಬಿಸಿನೀರು ಬರುವವರೆಗೆ ಕಾದು, ಆಮೇಲೆ ಸಿಂಕ್ ಕೆಳಗೆ, ಶೌಚಾಲಯದ ಹಿಂದೆ, ಹಾಸಿಗೆಯ ಅಡಿಯ ಪೆಟ್ಟಿಗೆಯೊಳಗೆ ಒಣ ಟಿಶ್ಯೂ ಹಿಡಿದು ಒರೆಸಿ ನೋಡಿ. ಒಲೆಯ ಪ್ರತಿಯೊಂದು ಬರ್ನರ್ ಹಚ್ಚಿ. ಹೀಟರ್ ಚಾಲೂ ಮಾಡಿ. ಹೊರಗಿನ ವಿದ್ಯುತ್ ಸಂಪರ್ಕ ಕೊಟ್ಟು ಒಮ್ಮೆ, ತೆಗೆದು ಒಮ್ಮೆ, ಎಲ್ಲ ದೀಪ ಮತ್ತು ಪ್ಲಗ್ ಪರೀಕ್ಷಿಸಿ. ಸ್ಲೈಡ್‌ಔಟ್ (ವಾಹನ ನಿಂತಾಗ ಹೊರಕ್ಕೆ ಜಾರಿಸಿ ಒಳಜಾಗ ಹಿಗ್ಗಿಸುವ ಭಾಗ) ಇದ್ದರೆ ಮೂರು ನಾಲ್ಕು ಬಾರಿ ಹೊರಗೆ ತಳ್ಳಿ ಒಳಗೆ ಎಳೆದು, ಎರಡೂ ತುದಿ ಒಟ್ಟಿಗೆ ಚಲಿಸುತ್ತವೆಯೇ, ರಬ್ಬರ್ ಸೀಲು ಮಡಚಿಕೊಳ್ಳುತ್ತದೆಯೇ ಎಂದು ನೋಡಿ.

ಏಣಿ ತರಿಸಿ ಛಾವಣಿ ಹತ್ತಿ ನೋಡಲೇಬೇಕು. ಅಷ್ಟು ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ, ಆದರೂ ಬಿಡಬೇಡಿ. ಗಾಳಿಕಿಂಡಿ, ಆಂಟೆನಾ, ಸೌರಫಲಕದ ಕಾಲು, ಇವುಗಳ ಸುತ್ತ ನೀರು ಒಳಬರದಂತೆ ಹಚ್ಚುವ ಸೀಲಂಟ್ ಎಲ್ಲೂ ತುಂಡಾಗದೆ ಒಂದೇ ಸಮ ಇರಬೇಕು. ಹೊರಗೋಡೆಗೆ ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿ ನೋಡಿ. ಪದರಗಳು ಬಿಟ್ಟುಕೊಂಡಿದ್ದರೆ ಗುಳ್ಳೆ ಎದ್ದ ಹಾಗೆ ನೆರಳು ಬೀಳುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಕೇತ ಇರುತ್ತದೆ: ಮೊದಲ ಎರಡು ವಾರ, ಮುಂದಿನ ಎರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರದ ಟೈರು. ವಾಹನ ಅಂಗಳದಲ್ಲಿ ಎಷ್ಟು ಕಾಲ ನಿಂತಿತ್ತು ಎಂಬುದರ ಸುಳಿವು ಅದರಲ್ಲೇ ಸಿಗುತ್ತದೆ.

ಕೊನೆಗೆ ಹಾಸಿಗೆಯ ಮೇಲೆ ಮಲಗಿ, ಶೌಚಾಲಯದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಪ್ರತಿ ಕಿಟಕಿ ತೆರೆದು ಮುಚ್ಚಿ. ಬದುಕುವ ರೀತಿಯಲ್ಲೇ ಬಳಸಿ ನೋಡಿದಾಗ ಕಾಣುವ ದೋಷ ಪಟ್ಟಿ ಹಿಡಿದು ತಿರುಗಿದರೆ ಕಾಣುವುದಿಲ್ಲ.

ದೋಷ ತೋರಿಸಿದರೆ "ಸಹಿ ಹಾಕಿ ತೆಗೆದುಕೊಂಡು ಹೋಗಿ, ಆಮೇಲೆ ಸರಿ ಮಾಡಿಕೊಡುತ್ತೇವೆ" ಎನ್ನುತ್ತಾರೆ. ಒಪ್ಪಬಹುದೇ?

ಕಪಾಟಿನ ಹಿಡಿ ಸಡಿಲವಿದ್ದರೆ ಒಪ್ಪಬಹುದು. ಆದರೆ ಏನು, ಯಾವ ದಿನಾಂಕದೊಳಗೆ, ಯಾರ ಖರ್ಚಿನಲ್ಲಿ ಎಂದು ಹಸ್ತಾಂತರ ಪತ್ರದಲ್ಲೇ ಬರೆಸಿ, ಅವರ ಸಹಿ ಪಡೆದು, ಪ್ರತಿ ಇಟ್ಟುಕೊಳ್ಳಿ. ನೀರು, ಗ್ಯಾಸ್, ಬ್ರೇಕ್, ಸ್ಟಿಯರಿಂಗ್, ವಿದ್ಯುತ್, ಇವುಗಳಲ್ಲಿ ದೋಷ ಕಂಡರೆ ವಾಹನ ಅಲ್ಲೇ ನಿಲ್ಲಲಿ, ಬಾಕಿ ಹಣ ನಿಮ್ಮಲ್ಲೇ ಇರಲಿ. ಹಣ ಪೂರ್ತಿ ಕೈಸೇರಿದ ಮೇಲೆ ನಿಮ್ಮ ಕೆಲಸ ವರ್ಕ್‌ಶಾಪ್‌ನ ಸಾಲಿನ ತುದಿಗೆ ಹೋಗುತ್ತದೆ. ಮನೆಯವರೆಲ್ಲ ಚೀಲ ಕಟ್ಟಿಕೊಂಡು ಬಂದಿರುತ್ತಾರೆ, ಮಕ್ಕಳು ಆಗಲೇ ಹಾಸಿಗೆ ಹತ್ತಿರುತ್ತಾರೆ, ಆ ಹೊತ್ತಿನಲ್ಲಿ ಬೇಡ ಎನ್ನುವುದು ಎಷ್ಟು ಕಷ್ಟ ಎಂದು ಬಲ್ಲೆ. ಹಾಗಾಗಿ ಆ ದಿನ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಪ್ರವಾಸವನ್ನೂ ಅಂದೇ ಇಟ್ಟುಕೊಳ್ಳಬೇಡಿ.

ಮೊದಲ ಪ್ರವಾಸ ಎಲ್ಲಿಗೆ ಹೋದರೆ ಒಳ್ಳೆಯದು?

ಡೀಲರ್‌ನಿಂದ ಒಂದೆರಡು ಗಂಟೆಯ ದೂರದಲ್ಲಿ, ಎರಡು ಮೂರು ರಾತ್ರಿ. ಒಂದು ರಾತ್ರಿ ಹೊರಗಿನ ವಿದ್ಯುತ್ ಸಂಪರ್ಕದಲ್ಲಿ, ಇನ್ನೊಂದು ಬರಿಯ ಬ್ಯಾಟರಿಯಲ್ಲಿ. ಅಡುಗೆ ಮಾಡಿ, ಸ್ನಾನ ಮಾಡಿ, ಬಚ್ಚಲ ನೀರಿನ ಟ್ಯಾಂಕ್ ತುಂಬಿಸಿ ಖಾಲಿ ಮಾಡಿ. ಮಳೆ ಬಂದರೆ ಒಳ್ಳೆಯದೇ. ಚಕ್ರದ ನಟ್‌ಗಳನ್ನು ಮೊದಲ 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಮತ್ತೆ ಬಿಗಿಮಾಡಿಸಿ. ಸಾಮಾನು, ನೀರು, ಜನ ಎಲ್ಲ ತುಂಬಿದ ಮೇಲೆ ತೂಕದ ಕಟ್ಟೆಗೂ ಒಮ್ಮೆ ಹೋಗಿ ಬನ್ನಿ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಕಾಗದದಲ್ಲಿ ಬರೆದ ಹೊರೆಯ ಮಿತಿಯಲ್ಲಿ ನಿಜಕ್ಕೂ ಎಷ್ಟು ಉಳಿದಿದೆ ಎಂಬುದು ಎಷ್ಟೋ ಜನರಿಗೆ ಅಲ್ಲೇ ಗೊತ್ತಾಗುವುದು.

ನೀರು ಸೋರುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ಈ ಒಂದು ಉತ್ತರವನ್ನಾದರೂ ಗಮನವಿಟ್ಟು ಓದಿ. ಮಿಕ್ಕ ಬಹುಪಾಲು ದೋಷಗಳು ತಿಂಗಳು ಕಾದರೂ ಹಾಗೇ ಇರುತ್ತವೆ. ನೀರಿನದು ಮಾತ್ರ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಗೋಡೆಯೊಳಗಿನ ಪ್ಲೈವುಡ್ ಕೊಳೆಯಲು ಶುರುವಾದ ಮೇಲೆ ಸೀಲಂಟ್ ಹಚ್ಚಿ ಪ್ರಯೋಜನವಿಲ್ಲ, ಗೋಡೆಯನ್ನೇ ಬಿಚ್ಚಬೇಕು.

ಸೋರಿಕೆಯಲ್ಲಿ ಎರಡು ಬಗೆ. ಒಂದು, ಒಳಗಿನ ಕೊಳವೆಯದು. ನಮ್ಮ ವಾಹನದಲ್ಲಿ ಎರಡನೆಯ ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮಲಗಿದ್ದಾಗ ಪಂಪ್ "ಟರ್‌ರ್" ಎಂದು ಎರಡು ಸೆಕೆಂಡ್ ಸದ್ದು ಮಾಡಿ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ. ಯಾರೂ ನೀರು ಬಳಸದಿದ್ದಾಗಲೂ ಪಂಪ್ ಓಡುತ್ತಿದೆ ಎಂದರೆ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದೇ ಅರ್ಥ. ಬೆಳಿಗ್ಗೆ ಸ್ನಾನದ ಕಟ್ಟೆಯ ಹಿಂದಿನ ಪುಟ್ಟ ಫಲಕ ಬಿಚ್ಚಿ ಕೈ ಹಾಕಿದೆ. ಮಿಕ್ಸರ್ ನಲ್ಲಿಯ ಹಿಂಬದಿಯ ಪ್ಲಾಸ್ಟಿಕ್ ನಟ್ ಬೆರಳಿಗೇ ತಿರುಗುವಷ್ಟು ಸಡಿಲವಿತ್ತು, ಅದರ ಕೆಳಗಿನ ಹಲಗೆ ಅಂಗೈಯಗಲ ಕಪ್ಪಾಗಿತ್ತು. ಮೊದಲು ಫೋಟೊ, ಆಮೇಲೆ ಬಿಗಿಮಾಡಿದೆ, ಅಂದೇ ಡೀಲರ್‌ಗೆ ಇಮೇಲ್. ಹಲಗೆಯನ್ನು ಅವರು ಬದಲಿಸಿಕೊಟ್ಟರು. ಅದೇ ಫಲಕವನ್ನು ಎರಡು ವರ್ಷ ಬಿಟ್ಟು ಬಿಚ್ಚಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಪಂಪ್ ಬಂದ್ ಮಾಡುವ ಸ್ವಿಚ್ ಎಲ್ಲಿದೆ ಎಂದು ಮೊದಲ ದಿನವೇ ತಿಳಿದಿರಲಿ. ವಾಹನ ಬಿಟ್ಟು ಹೊರಡುವಾಗಲೆಲ್ಲ ಅದನ್ನು ಆರಿಸಿಯೇ ಇಳಿಯಿರಿ.

ಇನ್ನೊಂದು, ಹೊರಗಿನ ಮಳೆಯದು. ಇದು ಕಣ್ಣಾಮುಚ್ಚಾಲೆ ಆಡಿಸುತ್ತದೆ. ಛಾವಣಿಯ ಮುಂಭಾಗದಲ್ಲಿ ಒಳಬಂದ ನೀರು ತಂತಿಯ ಜಾಡು ಹಿಡಿದು ಹಿಂದಿನ ಮೂಲೆಯಲ್ಲಿ ಇಳಿಯಬಹುದು. ಕಲೆ ಕಂಡ ಜಾಗದಲ್ಲೇ ತೂತು ಇದೆ ಎಂದು ನಂಬಬೇಡಿ. ಮುಗ್ಗಲು ವಾಸನೆ, ಗೋಡೆಕಾಗದದ ಸುಕ್ಕು, ಮೂಲೆಯಲ್ಲಿ ಒತ್ತಿದರೆ ಮೆತ್ತಗಾಗುವ ಹಲಗೆ, ತುಕ್ಕು ಹಿಡಿದ ಸ್ಕ್ರೂ ತಲೆ, ಇವೆಲ್ಲ ಸೂಚನೆಗಳು. ತೇವಮಾಪಕ ಇಟ್ಟುಕೊಂಡರೆ ಒಳ್ಳೆಯದು. ಸಾಮಾನ್ಯವಾಗಿ ಶೇಕಡಾ 15ರ ಒಳಗಿದ್ದರೆ ಚಿಂತೆಯಿಲ್ಲ, 15ರಿಂದ 20ರ ನಡುವೆ ಬಂದರೆ ಕಣ್ಣಿಡಬೇಕು, 20 ದಾಟಿದರೆ ಬಿಚ್ಚಿ ನೋಡಲೇಬೇಕು. ಒಂದೇ ಬಾರಿ ತೆಗೆದ ಅಳತೆಗಿಂತ, ಅದೇ ಹತ್ತು ಜಾಗಗಳಲ್ಲಿ ತಿಂಗಳಿಗೊಮ್ಮೆ ತೆಗೆದು ಬರೆದಿಟ್ಟ ಅಳತೆಗಳು ಹೆಚ್ಚು ಹೇಳುತ್ತವೆ.

ಗಾಬರಿಯಲ್ಲಿ ಅಂಗಡಿಯ ಸಿಲಿಕೋನ್ ಟ್ಯೂಬ್ ತಂದು ಮೇಲೆಲ್ಲ ಮೆತ್ತಬೇಡಿ. ಒಮ್ಮೆ ಸಿಲಿಕೋನ್ ಕೂತ ಜಾಗದಲ್ಲಿ ಬೇರೆ ಸೀಲಂಟ್ ಹಿಡಿಯುವುದಿಲ್ಲ, ಕೆರೆದು ತೆಗೆಯುವುದು ದೊಡ್ಡ ರಗಳೆ. ರಿಪೇರಿಯಾಗುವವರೆಗೆ ಟಾರ್ಪಾಲು ಹೊದಿಸಿ ಇಡಿ, ಹೊದಿಸಿದ್ದರ ಫೋಟೊ ಸಹ ತೆಗೆದಿಡಿ. ಹಾನಿ ಹೆಚ್ಚದಂತೆ ನೀವು ನೋಡಿಕೊಂಡಿರಿ ಎಂಬುದಕ್ಕೆ ಅದು ಸಾಕ್ಷಿ.

ಗ್ಯಾಸ್ ವಾಸನೆ ಬಂದರೆ?

ಸಿಲಿಂಡರಿನ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಇಳಿಯಿರಿ. ಸ್ವಿಚ್ ಮುಟ್ಟಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ಗ್ಯಾಸ್ ಪತ್ತೆ ಮಾಡುವ ಉಪಕರಣವನ್ನು ಕೆಳಗೆ ಕೂರಿಸುವುದು ಅದಕ್ಕೇ. ಕಾರ್ಬನ್ ಮೊನಾಕ್ಸೈಡ್ ಪತ್ತೆಗೆ ಬೇರೆಯದೇ ಉಪಕರಣ ಬೇಕು, ಎರಡೂ ಇರಲಿ. ಗ್ಯಾಸಿನ ಕೆಲಸವನ್ನು ಅರ್ಹತೆ ಪಡೆದ ತಂತ್ರಜ್ಞರಿಂದಲೇ ಮಾಡಿಸಿ. ಕಂಪನಿಯವರು ಯಾವಾಗ ಬರುತ್ತಾರೋ ಎಂದು ಕಾಯುತ್ತಾ ಅದೇ ವಾಹನದಲ್ಲಿ ಮಲಗಬೇಡಿ.

ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತದೆ. ಬ್ಯಾಟರಿಯೇ ಕೆಟ್ಟದ್ದೇ?

ಇರಬಹುದು, ಆದರೆ ಹೊಸ ವಾಹನದಲ್ಲಿ ನಾನು ಮೊದಲು ನೋಡುವುದು ಜೋಡಣೆಗಳನ್ನು. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿಯ ನಂತರ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.1ರ ಹತ್ತಿರ ಬಂದರೆ ಅರ್ಧ ಖಾಲಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂದು ಕ್ಲಾಂಪ್ ಮೀಟರ್‌ನಿಂದ ಅಳೆಸಿ, ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದರೆ ಕಳ್ಳ ಸಿಗುತ್ತಾನೆ. ಸಡಿಲ ತುದಿಗಳಲ್ಲಿ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ಫ್ಯೂಸ್ ಬುಡ ಕಂಡರೆ ಆ ಭಾಗದ ಬಳಕೆ ಅಲ್ಲಿಗೇ ನಿಲ್ಲಿಸಿ. ಕಪಾಟು ಕೂರಿಸುವಾಗ ಹೊಡೆದ ಸ್ಕ್ರೂ ತಂತಿಯೊಳಗೇ ಇಳಿದಿರುವುದೂ ಉಂಟು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಅದನ್ನು ನೆನಪಿಡಿ, ದೊಡ್ಡ ಫ್ಯೂಸ್ ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ.

ವಾರಂಟಿ ಯಾರದು? ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ.

ಒಂದೇ ವಾಹನದಲ್ಲಿ ಹಲವು ಕಂಪನಿಗಳ ವಾರಂಟಿ ಇರುವುದೇ ಇದಕ್ಕೆ ಕಾರಣ. ಎಂಜಿನ್, ಗೇರ್, ಬ್ರೇಕ್ ಇರುವ ಷಾಸಿ ಫೋರ್ಡ್, ಫಿಯೆಟ್, ಮರ್ಸಿಡಿಸ್‌ನಂತಹ ವಾಹನ ಕಂಪನಿಯದು. ಅದರ ಮೇಲೆ ಮನೆ ಕಟ್ಟಿದವರು ಬೇರೆ. ಫ್ರಿಜ್, ಹೀಟರ್, ಜನರೇಟರ್, ಟೈರ್, ಬ್ಯಾಟರಿ, ಒಂದೊಂದಕ್ಕೂ ಅದರದರ ತಯಾರಕರ ವಾರಂಟಿ, ಅದರದರ ಅವಧಿ. ಬ್ರೇಕ್ ದೀಪ ಉರಿಯದಿದ್ದರೆ ತಪ್ಪು ಷಾಸಿಯ ತಂತಿಯದೋ ಮನೆ ಕಟ್ಟಿದವರು ಸೇರಿಸಿದ ತಂತಿಯದೋ ಎಂದು ಇಬ್ಬರೂ ಜಗಳವಾಡುವುದನ್ನು ನಾನೇ ಕಂಡಿದ್ದೇನೆ.

ಮೊದಲ ವಾರವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಉಪಕರಣ, ಮಾದರಿ, ಕ್ರಮಸಂಖ್ಯೆ, ವಾರಂಟಿ ಆರಂಭ, ಮುಕ್ತಾಯ, ದೂರವಾಣಿ. ನೋಂದಣಿ ಮಾಡಿಸಲೇಬೇಕಾದ ಉಪಕರಣಗಳನ್ನು ಅಂದೇ ಮಾಡಿಸಿ. ವಾರಂಟಿಯ ಷರತ್ತುಗಳನ್ನು ಪೂರ್ತಿ ಓದಿ. ನೀರು ಒಳಬರದ ಖಾತರಿಗೆ ವರ್ಷಕ್ಕೊಮ್ಮೆ ತೇವ ಪರೀಕ್ಷೆ ಮಾಡಿಸಿರಬೇಕು ಎಂಬ ಷರತ್ತು ಎಷ್ಟೋ ತಯಾರಕರದ್ದು. ಒಂದು ವರ್ಷ ತಪ್ಪಿದರೆ ಖಾತರಿಯೇ ಬಿದ್ದುಹೋಗಬಹುದು. ಮಾತಿನ ಎಳೆದಾಟ ಶುರುವಾದರೆ ನಿಮಗೆ ಮಾರಿದವರನ್ನೇ ಹಿಡಿಯಿರಿ, ಹಣ ಪಡೆದವರು ಅವರು.

ದೂರು ಹೇಗೆ ಬರೆದರೆ ಕೆಲಸ ಆಗುತ್ತದೆ?

"ಹೀಟರ್ ಸರಿಯಿಲ್ಲ" ಎಂದು ಬರೆದರೆ, ವರ್ಕ್‌ಶಾಪ್‌ನಲ್ಲಿ ಸ್ವಿಚ್ ಹಾಕಿ ನೋಡಿ, ಉರಿದರೆ "ದೋಷ ಕಂಡುಬಂದಿಲ್ಲ" ಎಂದು ಜಾಬ್ ಕಾರ್ಡ್‌ನಲ್ಲಿ ಬರೆದು ಕಳಿಸುತ್ತಾರೆ. ಹೀಗೆ ಬರೆಯಿರಿ: "ಹೊರಗಿನ ವಿದ್ಯುತ್ ಇಲ್ಲದೆ, ಬ್ಯಾಟರಿ 12.4 ವೋಲ್ಟ್ ಇದ್ದಾಗ, ಗ್ಯಾಸ್‌ನಲ್ಲಿ ಹೀಟರ್ ಚಾಲೂ ಮಾಡಿದರೆ ಸುಮಾರು ನಲವತ್ತು ನಿಮಿಷ ಉರಿದು ಆರುತ್ತದೆ. ಫಲಕದ ಮೇಲೆ ಕೆಂಪು ದೀಪ ಮಿನುಗುತ್ತದೆ. ಮೂರು ರಾತ್ರಿಯಲ್ಲಿ ಐದು ಬಾರಿ ಆಯಿತು. ವಿಡಿಯೊ ಜೊತೆಗಿದೆ." ಇದನ್ನು ಓದಿದ ತಂತ್ರಜ್ಞರಿಗೆ ಎಲ್ಲಿಂದ ಹುಡುಕಬೇಕು ಎಂಬುದು ಬರುವ ಮೊದಲೇ ಗೊತ್ತಿರುತ್ತದೆ.

ದೋಷಗಳಿಗೆ ಸಂಖ್ಯೆ ಕೊಡಿ, ಕೊನೆಯವರೆಗೂ ಅದೇ ಸಂಖ್ಯೆ ಇರಲಿ. ಫೋನಿನಲ್ಲಿ ಮಾತಾಡಿದರೆ ಅಂದು ಸಂಜೆಯೇ "ಇಂದು ಮಾತಾಡಿದಂತೆ" ಎಂದು ಇಮೇಲ್ ಕಳಿಸಿ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ಪ್ರತಿಯೊಂದು ದೂರೂ ದಾಖಲಾಗಿದೆಯೇ ಎಂದು ಓದಿಯೇ ಸಹಿ ಹಾಕಿ. ಸಿಟ್ಟು ಬರುತ್ತದೆ, ಬರಲಿ, ಪತ್ರದಲ್ಲಿ ಬೇಡ. ಕೌಂಟರಿನಲ್ಲಿ ಕೂತವರು ದೋಷ ಮಾಡಿದವರಲ್ಲ, ನಿಮ್ಮ ಕಡತವನ್ನು ಮೇಲಕ್ಕೆ ತರುವವರೂ ಅವರೇ.

ವಾಹನ ವರ್ಕ್‌ಶಾಪ್‌ನಲ್ಲಿ ತಿಂಗಳುಗಟ್ಟಲೆ ನಿಂತಿದೆ. ಏನು ಮಾಡುವುದು?

ಬಹಳ ಸಲ ಅದು ಕಾಯುತ್ತಿರುವುದು ಬಿಡಿಭಾಗಕ್ಕೆ ಅಥವಾ ತಯಾರಕರ ಅನುಮತಿಗೆ. ಆದ್ದರಿಂದ ಫೋಟೊ ಕಳಿಸಿ ಅನುಮತಿ ಪಡೆಸಿ, ಭಾಗಗಳು ಬಂದಿವೆ ಎಂದು ಖಚಿತವಾದ ಮೇಲೆ ವಾಹನ ಬಿಡುವುದು ಜಾಣತನ. ಈಗಾಗಲೇ ಬಿಟ್ಟಿದ್ದರೆ, ಸುರಕ್ಷತೆಗೆ ತೊಂದರೆಯಿಲ್ಲದಿದ್ದಲ್ಲಿ ಭಾಗ ಬರುವವರೆಗೆ ವಾಪಸ್ ತನ್ನಿ. ಬಿಡುವಾಗ ಒಳಗೂ ಹೊರಗೂ ಫೋಟೊ, ಮೀಟರಿನಲ್ಲಿನ ಕಿಲೋಮೀಟರ್, ನಿಮ್ಮ ಸಾಮಾನಿನ ಪಟ್ಟಿ. ಬಿಟ್ಟ ದಿನ ಮತ್ತು ಪಡೆದ ದಿನವನ್ನು ತಪ್ಪದೆ ಬರೆಯಿರಿ. ವಾಹನ ಒಟ್ಟು ಎಷ್ಟು ದಿನ ಬಳಕೆಗೆ ಸಿಗಲಿಲ್ಲ ಎಂಬ ಲೆಕ್ಕ ಕೆಲವೆಡೆ ಕಾನೂನಿನ ದೃಷ್ಟಿಯಲ್ಲೇ ಮುಖ್ಯ.

ಸಣ್ಣಪುಟ್ಟದ್ದನ್ನು ನಾನೇ ರಿಪೇರಿ ಮಾಡಿಕೊಳ್ಳಬಹುದೇ?

ಸಡಿಲ ತಿರುಪು, ಬಾಗಿಲಿನ ಚಿಲಕ, ಜಾರುವ ಡ್ರಾಯರ್, ನಲ್ಲಿಯ ಜಾಲರಿಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೂರು, ಇಂಥವನ್ನು ಧಾರಾಳವಾಗಿ ಮಾಡಿಕೊಳ್ಳಿ. ಕಪಾಟಿನ ಹಿಡಿಗಾಗಿ ಇಡೀ ದಿನ ಡೀಲರ್ ಬಳಿ ಕಳೆಯುವುದು ಯಾರಿಗೂ ಬೇಡ. ಆದರೆ ಮಾಡುವ ಮೊದಲು ಫೋಟೊ ತೆಗೆದು ಪಟ್ಟಿಯಲ್ಲಿ ಸೇರಿಸಿ. ಛಾವಣಿಗೆ ತೂತು ಕೊರೆಯುವುದು, ಹೊರಗಿನ ವಿದ್ಯುತ್ತಿನ ತಂತಿ, ಇವುಗಳಿಗೆ ವಾರಂಟಿ ಮುಗಿಯುವವರೆಗೆ ಕೈ ಹಚ್ಚಬೇಡಿ, ಗ್ಯಾಸಿಗೆ ಎಂದೂ ಬೇಡ. ಡೀಲರ್ ತುಂಬ ದೂರವಿದ್ದರೆ, ನೀವಿದ್ದಲ್ಲಿಗೇ ಬರುವ ತಂತ್ರಜ್ಞರಿಂದ ಕೆಲಸ ಮಾಡಿಸಲು ತಯಾರಕರನ್ನು ಕೇಳಬಹುದು, ಎಷ್ಟೋ ಸಲ ಒಪ್ಪುತ್ತಾರೆ. ಒಪ್ಪಿಗೆ ಬರವಣಿಗೆಯಲ್ಲಿ, ಕೆಲಸ ಶುರುವಾಗುವ ಮೊದಲು ಇರಬೇಕು. ಆಮೇಲೆ ಬಿಲ್ಲು ಕಳಿಸಿದರೆ ಹಣ ಬರುವುದು ಕಷ್ಟ.

ರಿಕಾಲ್, ಅಂದರೆ ದೋಷ ಸರಿಪಡಿಸಲು ತಯಾರಕರೇ ವಾಪಸ್ ಕರೆಯುವುದು, ಇದೆಯೇ ಎಂದು ತಿಳಿಯುವುದು ಹೇಗೆ?

ವಾಹನದ 17 ಅಕ್ಷರ–ಅಂಕಿಗಳ ಗುರುತುಸಂಖ್ಯೆಯಿಂದ. ಷಾಸಿ ತಯಾರಕರದ್ದು, ಮನೆ ಕಟ್ಟಿದವರದ್ದು, ಉಪಕರಣದವರದ್ದು, ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಫ್ರಿಜ್‌ನ ಮೇಲಿನ ರಿಕಾಲ್ ಷಾಸಿ ಕಂಪನಿಯ ಪುಟದಲ್ಲಿ ಕಾಣದಿರಬಹುದು.

ಎಷ್ಟು ಸಲ ರಿಪೇರಿ ಮಾಡಿದರೂ ಸರಿಯಾಗಲಿಲ್ಲ. ವಾಪಸ್ ಕೊಡಬಹುದೇ?

ಕೊಂಡ ದೇಶದ ಕಾನೂನಿನ ಮೇಲೆ ನಿಂತಿದೆ, ವ್ಯತ್ಯಾಸ ಬಹಳ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ದೋಷವಿದ್ದರೆ ಮೊದಲ 30 ದಿನಗಳೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು; ಆಮೇಲೆ ಮಾರಿದವರಿಗೆ ಒಂದು ರಿಪೇರಿಯ ಅವಕಾಶ, ಅದೂ ವಿಫಲವಾದರೆ ಬೆಲೆ ಕಡಿತ ಅಥವಾ ತಿರಸ್ಕಾರ. ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಮಾರಿದವರ ಹೊಣೆ ಕನಿಷ್ಠ ಎರಡು ವರ್ಷ. ಆಸ್ಟ್ರೇಲಿಯಾದಲ್ಲಿ ದೋಷ "ಪ್ರಮುಖ" ಎಂದು ಸಾಬೀತಾದರೆ ಹಣ ವಾಪಸ್ ಬೇಕೋ ಬದಲಿ ವಾಹನ ಬೇಕೋ ಎಂದು ಆರಿಸುವವರು ಗ್ರಾಹಕರು.

ಅಮೆರಿಕದಲ್ಲಿ ಎಚ್ಚರ ಬೇಕು. 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆ ದೇಶಕ್ಕೆಲ್ಲ ಅನ್ವಯಿಸುತ್ತದೆ, ಆದರೆ ಕೆಟ್ಟ ವಾಹನ ವಾಪಸಿನ "ಲೆಮನ್" ಕಾನೂನು ರಾಜ್ಯಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ಅದು ಮೋಟಾರ್‌ಹೋಮ್‌ನ ಷಾಸಿ ಮತ್ತು ಚಾಲನೆಗೆ ಸಂಬಂಧಿಸಿದ ಭಾಗಕ್ಕೆ ಅನ್ವಯಿಸುತ್ತದೆ, ವಾಸದ ಭಾಗಕ್ಕೆ ಅಲ್ಲ. ಎಲ್ಲೇ ಇರಲಿ, ಈ ಹೆಜ್ಜೆ ಇಡುವ ಮೊದಲು ವಕೀಲರನ್ನು ಕಂಡು ನಿಮ್ಮ ನೋಟ್‌ಪುಸ್ತಕ, ಜಾಬ್ ಕಾರ್ಡ್, ಇಮೇಲ್‌ಗಳನ್ನು ಮುಂದಿಡಿ. ಗಡುವು ಮುಗಿಯುತ್ತಾ ಬಂದಾಗ "ಇನ್ನೊಂದು ಸಲ ನೋಡೋಣ" ಎಂಬ ಮಾತಿಗೆ ಮರುಳಾಗಬೇಡಿ.

ವಾರಂಟಿ ಮುಗಿಯಲು ಇನ್ನೆರಡು ತಿಂಗಳಿದೆ. ಏನು ಮಾಡಲಿ?

ಡೀಲರ್‌ಗೆ ಸಂಬಂಧವಿಲ್ಲದ ಪರಿಣತರೊಬ್ಬರಿಂದ ಇಡೀ ವಾಹನವನ್ನು ತಪಾಸಣೆ ಮಾಡಿಸಿ, ತೇವದ ಅಳತೆಗಳನ್ನು ನಕ್ಷೆಯ ಮೇಲೆ ಬರೆಸಿ. ನೀವೇ ಮತ್ತೊಮ್ಮೆ ಛಾವಣಿ ಹತ್ತಿ, ಹಾಸಿಗೆಯಡಿಯ ಪೆಟ್ಟಿಗೆಗಳನ್ನೆಲ್ಲ ಖಾಲಿ ಮಾಡಿ ಟಾರ್ಚ್ ಹಿಡಿದು ನೋಡಿ. "ಇದು ಮೊದಲಿನಿಂದಲೂ ಹೀಗೇ ಇದೆ" ಎಂದು ಅಭ್ಯಾಸವಾಗಿಬಿಟ್ಟ ಕಿರಿಕಿರಿಗಳನ್ನೂ ಪಟ್ಟಿಗೆ ಸೇರಿಸಿ: ಬಿಗಿದು ತೆರೆಯುವ ಕಿಟಕಿ, ನಿಧಾನವಾಗಿ ಇಳಿಯುವ ಸಿಂಕ್ ನೀರು, ತಿರುವಿನಲ್ಲಿ ಕಿರುಗುಡುವ ಮೂಲೆ. ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದು, ಕೊನೆಯ ದಿನಾಂಕಕ್ಕೆ ಮುಂಚೆ ಡೀಲರ್‌ಗೂ ತಯಾರಕರಿಗೂ ಕಳಿಸಿ, ತಲುಪಿದೆ ಎಂಬ ಉತ್ತರ ಪಡೆಯಿರಿ. ಅವಧಿಯೊಳಗೆ ದಾಖಲಾದ ದೋಷವನ್ನು ರಿಪೇರಿ ತಡವಾಯಿತೆಂಬ ಕಾರಣಕ್ಕೆ ತಳ್ಳಿಹಾಕಿದರೆ ಆ ಉತ್ತರವೇ ನಿಮ್ಮ ಕೈಯಲ್ಲಿರುವ ಆಧಾರ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಅದೇ ಪತ್ರವನ್ನು ನೋಂದಾಯಿತ ಅಂಚೆಯಲ್ಲಿ ಮತ್ತೆ ಕಳಿಸಿ.